ಶಾಲೆಯ ನಲ್ಲಿ ಯಾರದು?

ಮಾತು ಬರೋ ಹೊತ್ತಿಗೇ ಕೂಸಿಗೆ 'ನಂದು' ಅನ್ನೋದು ಗೊತ್ತಾಗುತ್ತೆ. ಆಮೇಲೆ 'ನಿಂದು' ಗೊತ್ತಾಗುತ್ತೆ. ಮೂರನೆಯ ಮಾತು 'ಎಲ್ಲರದು'. ಇದನ್ನು ಊರು ಕಲಿಸಬೇಕು, ಶಾಲೆ ಕಲಿಸಬೇಕು. ನಮ್ಮ ಕೇರಿಯ ಮಕ್ಕಳಿಗೆ ಇವೆರಡೂ ಕಲಿಸಿದ್ದೇನು?

ಬಾಬಾಸಾಹೇಬರು ತಾವೇ ಬರೆದಿಟ್ಟ ನೆನಪುಗಳನ್ನು ನೋಡಿ. 1900ರ ಆಸುಪಾಸು, ಸಾತಾರದ ಶಾಲೆ. ಹುಡುಗ ಮೂಲೆಯಲ್ಲಿ ಒಬ್ಬನೇ ಕೂರಬೇಕು. ಕೂರಲು ತನ್ನದೇ ಗೋಣಿತಟ್ಟು. ಶಾಲೆ ಗುಡಿಸೋ ಆಳು ಅದನ್ನು ಮುಟ್ಟೋನಲ್ಲ. ಸಂಜೆ ಮನೆಗೆ ಹೊತ್ತು, ಬೆಳಿಗ್ಗೆ ಮತ್ತೆ ಹೊತ್ತು ತರಬೇಕು. ನಲ್ಲಿ ಇತ್ತು, ಮುಟ್ಟೋ ಹಾಗಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು. ಜವಾನ ಇಲ್ಲದಿದ್ದರೆ ಬಾಯಾರಿಕೆ.

ಆ ಶಾಲೆ ಅವನಿಗೆ 'ನಿಂದು' ಅಂತ ಬಿಟ್ಟುಕೊಟ್ಟದ್ದು ಗೋಣಿತಟ್ಟು ಒಂದನ್ನೇ. ಎಲ್ಲರದಾದ ನಲ್ಲಿ ಮಾತ್ರ ಅವನದಲ್ಲ. ಒಡೆತನ ಅಂದರೆ ಇನ್ನೊಬ್ಬನನ್ನು ತಡೆಯೋ ಶಕ್ತಿ ಅನ್ನೋದನ್ನ ಆ ಮಗು ಕಾನೂನು ಓದೋ ಮೊದಲೇ ಕಲಿತಿತ್ತು.

ಆ ಮಗು ಬೆಳೆದು ಮಹಾಡಕ್ಕೆ ಬಂತು. ಸಾರ್ವಜನಿಕ ಕೆರೆ, ಬಾವಿ ಅಸ್ಪೃಶ್ಯರಿಗೂ ಮುಕ್ತ ಎಂದು ಮುಂಬಯಿ ಶಾಸನ ಸಭೆ 1923ರಲ್ಲೇ ಗೊತ್ತುವಳಿ ಮಾಡಿತ್ತು. ಮಹಾಡದ ಪುರಸಭೆ 1924ರಲ್ಲಿ ಒಪ್ಪಿತ್ತು. ಕಾಗದದ ನೀರು ಗಂಟಲಿಗೆ ಇಳಿಯಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಚವದಾರ್ ಕೆರೆಯ ನೀರು ಕುಡಿದರು.

ಸವರ್ಣೀಯರು ಮೊದಲು ಹೊಡೆದರು. ಆಮೇಲೆ ಸಗಣಿ ಗಂಜಲ ಸುರಿದು ಕೆರೆ 'ಶುದ್ಧ' ಮಾಡಿದರು. ಡಿಸೆಂಬರಿನಲ್ಲಿ ಕೋರ್ಟು ಹತ್ತಿ, ಕೆರೆ ನಮ್ಮ ಖಾಸಗಿ ಸ್ವತ್ತು ಅಂದರು! ನಿನ್ನೆವರೆಗೂ ಊರಿನದಾಗಿದ್ದ ಕೆರೆ, ನಾವು ಕೈಯಿಟ್ಟ ಕೂಡಲೆ ಖಾಸಗಿಯಾಯಿತು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ಅವರ ವಾದ ತಳ್ಳಿಹಾಕಿತು. ಎಲ್ಲರದು ಎಲ್ಲರದೇ ಅಂತ ಹೇಳಿಸೋಕೆ ಹತ್ತು ವರ್ಷ ಹಿಡಿಯಿತು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಟ್ಟೇ ಹೇಳುತ್ತದೆ. ಒಂದು ದೇಶದ ಸಂವಿಧಾನ ಬಾವಿಯ ಮಾತಾಡಬೇಕಾಗಿ ಬಂದದ್ದು ಯಾಕೆ? ಪೌರನೀತಿಯ ಪಾಠ ಮಾಡುವಾಗ ನಾವು ಇದನ್ನು ಮಕ್ಕಳಿಗೆ ಹೇಳಿದ್ದೇವಾ?

ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ನಾಳೆ ನಿಮ್ಮ ತರಗತಿಯಲ್ಲಿ ಕೇಳಿ ನೋಡಿ: ಈ ಶಾಲೆಯ ನಲ್ಲಿ ಯಾರದು? 'ನಮ್ಮೆಲ್ಲರದು' ಅನ್ನೋಕೆ ಮುಂಚೆ ನಮ್ಮ ಕೇರಿಯ ಮಗು ಒಮ್ಮೆ ಸುತ್ತ ನೋಡಿತೆಂದರೆ, ಮಹಾಡದ ಕೆಲಸ ಇನ್ನೂ ಮುಗಿದಿಲ್ಲ.