ಡಂಪರಿನ ನಾಡಿ ಹಿಡಿದ ಬಗೆ

ತೆರೆದ ಗಣಿಯ ತಳದಿಂದ ನೂರು ಟನ್ ಅದಿರು ಹೊತ್ತು ಹೊರಟ ಡಂಪರ್ ಏರುದಾರಿಯ ನಡುವೆ ನಿಂತುಬಿಟ್ಟರೆ ಅದು ಒಂದು ವಾಹನದ ತೊಂದರೆಯಾಗಿ ಉಳಿಯುವುದಿಲ್ಲ. ಹಿಂದಿನ ಡಂಪರ್‌ಗಳು ಸಾಲುಗಟ್ಟುತ್ತವೆ. ತಳದಲ್ಲಿ ಅದಿರು ತುಂಬುವ ಷವೆಲ್ ಸುಮ್ಮನಾಗುತ್ತದೆ. ಮೇಲೆ ಕ್ರಷರ್ ಬರಿಹೊಟ್ಟೆಯಲ್ಲಿ ತಿರುಗುತ್ತದೆ. ಇಳಿದಾರಿಯಲ್ಲಿ ಗೇರ್ ಕೈಕೊಟ್ಟರಂತೂ ಚಾಲಕನ ಜೀವಕ್ಕೇ ಸಂಚಕಾರ.

ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಮುಟ್ಟಿಸುವ ವ್ಯವಸ್ಥೆಯೇ ಟ್ರಾನ್ಸ್‌ಮಿಷನ್. ಗಣಿಯ ಡಂಪರ್‌ನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಭಾಗಗಳಲ್ಲಿ ಇದೂ ಒಂದು. ಇದರ ಕಾಯಿಲೆ ಪತ್ತೆ ಮಾಡುವ ವಿದ್ಯೆಗೆ ಸುಮಾರು ತೊಂಬತ್ತು ವರ್ಷಗಳ ಇತಿಹಾಸವಿದೆ. ಮುರಿದ ಭಾಗ ಒಂದು ಕಡೆ, ಮುರಿಯಲು ಕಾರಣ ಇನ್ನೊಂದು ಕಡೆ ಇರಬಹುದು ಎಂಬುದೇ ಆ ಇತಿಹಾಸ ಕಲಿಸಿದ ದೊಡ್ಡ ಪಾಠ.

ಹಲ್ಲು ಮುರಿಯುತ್ತಿದ್ದ ಕಾಲ

ಮೊದಲಿಗೆ ಕಲ್ಲುಕ್ವಾರಿ ಮತ್ತು ಅಣೆಕಟ್ಟೆಗಳ ಕೆಲಸಕ್ಕೆ ರಸ್ತೆಯ ಲಾರಿಗಳನ್ನೇ ಬಳಸುತ್ತಿದ್ದರು. ರಸ್ತೆಯ ಹಂಗಿಲ್ಲದೆ ಕಲ್ಲುಮಣ್ಣಿನಲ್ಲೇ ಓಡಲೆಂದು ರೂಪಿಸಿದ ಆರಂಭದ ವಾಹನಗಳಲ್ಲಿ ಅಮೆರಿಕದ ಓಹಿಯೊ ರಾಜ್ಯದ ಯೂಕ್ಲಿಡ್ ಕಂಪನಿ 1934ರಲ್ಲಿ ಹೊರತಂದ ‘ಟ್ರ್ಯಾಕ್-ಟ್ರಕ್’ ಮುಖ್ಯವಾದುದು.

ಅಂದಿನ ಗೇರ್ ಬಾಕ್ಸ್‌ಗಳು ಕಾಲಿನಿಂದ ಕ್ಲಚ್ ತುಳಿದು, ಕೈಯಿಂದ ಗೇರ್ ಬದಲಿಸುವಂಥವು. ತುಂಬಿದ ಗಾಡಿ ಏರು ಹತ್ತುವಾಗ ಕ್ಲಚ್ ತುಳಿದ ಆ ಒಂದು ಕ್ಷಣದಲ್ಲೇ ವೇಗವೆಲ್ಲ ಕರಗುತ್ತಿತ್ತು. ಗಾಡಿ ನಿಲ್ಲದಿರಲೆಂದು ಚಾಲಕ ಕ್ಲಚ್ಚನ್ನು ಗಕ್ಕನೆ ಬಿಟ್ಟರೆ ಇಡೀ ಭಾರದ ಹೊಡೆತ ಗೇರ್ ಹಲ್ಲುಗಳ ಮೇಲೆ ಬೀಳುತ್ತಿತ್ತು. ದೋಷ ಹುಡುಕಲು ಕಿವಿಯೇ ಸಾಕಿತ್ತು. ಕರಕರ ಸದ್ದು ಕೇಳಿದರೆ ಮುಚ್ಚಳ ತೆಗೆದು ಮುರಿದ ಹಲ್ಲು ನೋಡಬಹುದಿತ್ತು. ಹೊಸ ಗೇರ್ ಹಾಕಿದರೂ ಕಾರಣ ಚಾಲಕನ ಪಾದದಲ್ಲಿದ್ದರೆ ಅದೂ ಮುರಿಯುವುದು ಖಚಿತ.

ಹಡಗಿನಿಂದ ಬಂದ ಉಪಾಯ

ಈ ಹೊಡೆತ ತಪ್ಪಿಸುವ ಉಪಾಯ ಬಂದದ್ದು ಹಡಗುಕಟ್ಟೆಯಿಂದ. ಜರ್ಮನಿಯ ಎಂಜಿನಿಯರ್ ಹರ್ಮನ್ ಫೋಟಿಂಗರ್ ಆಗ ಸ್ಟೆಟಿನ್ ಬಂದರಿನ ವುಲ್ಕಾನ್ ಹಡಗುಕಟ್ಟೆಯಲ್ಲಿದ್ದ. ಸ್ಟೆಟಿನ್ ಇಂದು ಪೋಲೆಂಡಿಗೆ ಸೇರಿದೆ. ಅತಿವೇಗವಾಗಿ ತಿರುಗುವ ಉಗಿ ಟರ್ಬೈನಿಗೂ ನಿಧಾನವಾಗಿ ತಿರುಗಬೇಕಾದ ಹಡಗಿನ ಪ್ರೊಪೆಲ್ಲರಿಗೂ ನಂಟು ಕಲ್ಪಿಸುವುದು ಅವನ ಮುಂದಿದ್ದ ಸಮಸ್ಯೆ. ಗೇರ್ ಹಲ್ಲಿನ ಬದಲು ದ್ರವದ ಮೂಲಕವೇ ಶಕ್ತಿಯನ್ನು ದಾಟಿಸುವ ಸಾಧನಕ್ಕೆ ಅವನು 1905ರಲ್ಲಿ ಪೇಟೆಂಟ್ ಪಡೆದ. ಅದೇ ಟಾರ್ಕ್ ಕನ್ವರ್ಟರಿನ ಮೂಲ.

ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರಾಗಿಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಟ್ಟರೂ ಅದರ ಗಾಳಿಗೆ ಇನ್ನೊಂದು ತಿರುಗುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಗಾಳಿಯ ಜಾಗದಲ್ಲಿ ಆಯಿಲ್ ಇರುತ್ತದೆ. ನಡುವಿನ ಮೂರನೆಯ ಚಕ್ರ ಆಯಿಲಿನ ದಿಕ್ಕು ತಿದ್ದಿ ಕಳುಹಿಸುವುದರಿಂದ ಗಾಡಿ ಹೊರಡುವಾಗ ತಿರುಚುವ ಬಲ ಎರಡು ಪಟ್ಟಿಗೂ ಹೆಚ್ಚಾಗಬಲ್ಲದು. ಹೊಡೆತ ಹಲ್ಲಿಗೆ ನೇರವಾಗಿ ತಾಗುವುದಿಲ್ಲ.

ಎರಡನೆಯ ಮಹಾಯುದ್ಧದ ನಂತರ ಜನರಲ್ ಮೋಟಾರ್ಸ್‌ನ ಅಲಿಸನ್ ವಿಭಾಗ ಮೊದಲಾದವು ಈ ತಂತ್ರವನ್ನು ಮಣ್ಣು ಸಾಗಿಸುವ ಯಂತ್ರಗಳಿಗೆ ಅಳವಡಿಸಿದವು. ಜತೆಗೇ ಆಯಿಲ್ ಒತ್ತಡದಿಂದ ಕ್ಲಚ್ ಪ್ಲೇಟುಗಳನ್ನು ಒತ್ತಿ, ಗಾಡಿ ಓಡುತ್ತಿರುವಾಗಲೇ ಗೇರ್ ಬದಲಿಸುವ ‘ಪವರ್‌ಶಿಫ್ಟ್’ ಬಂತು. ಚಾಲಕನ ಎಡಗಾಲಿಗೆ ಬಿಡುವು ಸಿಕ್ಕಿತು.

ದೋಷ ಆಯಿಲಿಗೆ ಇಳಿಯಿತು

ಮೆಕ್ಯಾನಿಕ್‌ಗೆ ಮಾತ್ರ ಕಷ್ಟ ಹೆಚ್ಚಿತು. ಹೊಸ ವ್ಯವಸ್ಥೆಯಲ್ಲಿ ಆಯಿಲ್ ಒಂದೇ ಶಕ್ತಿ ಸಾಗಿಸಬೇಕು, ಕ್ಲಚ್ ಒತ್ತಬೇಕು, ಬೇರಿಂಗುಗಳಿಗೆ ಜಿಡ್ಡು ಕೊಡಬೇಕು, ಬಿಸಿಯನ್ನು ಕೂಲರಿಗೆ ಒಯ್ಯಬೇಕು. ಕವಾಟಗಳ ಸಂದು ತಲೆಗೂದಲಿಗಿಂತ ಸಣ್ಣದು. ಕಣ್ಣಿಗೆ ಕಾಣದ ದೂಳಿನ ಕಣವೊಂದು ಕವಾಟದಲ್ಲಿ ಸಿಕ್ಕಿಕೊಂಡರೂ ಒತ್ತಡ ಇಳಿದು ಕ್ಲಚ್ ಜಾರುತ್ತದೆ. ಜಾರಿದ ಕ್ಲಚ್ ಬಿಸಿಯಾಗಿ ಸುಡುತ್ತದೆ. ಬಿಚ್ಚಿ ನೋಡಿದವನಿಗೆ ಕಾಣುವುದು ಸುಟ್ಟ ಪ್ಲೇಟು. ಅದನ್ನಷ್ಟೇ ಬದಲಿಸಿ ಕಳುಹಿಸಿದರೆ ಡಂಪರ್ ಕೆಲವು ದಿನಗಳಲ್ಲೇ ಮತ್ತೆ ಶೆಡ್ಡಿಗೆ ಬರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಹೀಗಾಗಿ ಬಿಚ್ಚುವ ಮೊದಲು ಪರೀಕ್ಷಿಸುವ ಪದ್ಧತಿ ರೂಪುಗೊಂಡಿತು. ಎಲ್ಲ ಗೇರ್‌ಗಳಲ್ಲೂ ಗಾಡಿ ಜಾರುತ್ತಿದ್ದರೆ ದೋಷ ಎಲ್ಲಕ್ಕೂ ಸಮಾನವಾದ ಪಂಪ್, ಫಿಲ್ಟರ್ ಅಥವಾ ಕನ್ವರ್ಟರಿನಲ್ಲಿರಬಹುದು. ಒಂದೇ ಗೇರಿನಲ್ಲಿ ಜಾರಿದರೆ ಆ ಗೇರಿನ ಕ್ಲಚ್ ಅಥವಾ ಸೀಲಿನ ಮೇಲೆ ಅನುಮಾನ. ಇದಲ್ಲದೆ ‘ಸ್ಟಾಲ್ ಟೆಸ್ಟ್’ ಎಂಬುದೊಂದಿದೆ. ಚಕ್ರಕ್ಕೆ ಅಡ್ಡೆ ಕೊಟ್ಟು, ಬ್ರೇಕ್ ಹಾಕಿ, ಗೇರಿನಲ್ಲಿಟ್ಟು ಕೆಲವೇ ಸೆಕೆಂಡು ಪೂರ್ತಿ ಎಕ್ಸಿಲರೇಟರ್ ಒತ್ತುತ್ತಾರೆ. ಎಂಜಿನ್ ನಿಗದಿತ ವೇಗಕ್ಕಿಂತ ಹೆಚ್ಚು ತಿರುಗಿದರೆ ಒಳಗೆ ಕ್ಲಚ್ ಜಾರುತ್ತಿದೆ ಎಂದು ಅರ್ಥ. ಕಡಿಮೆ ತಿರುಗಿದರೆ ಎಂಜಿನ್ನೇ ಸೋತಿರಬಹುದು, ಇಲ್ಲವೇ ಕನ್ವರ್ಟರ್ ಕೆಟ್ಟಿರಬಹುದು. ಎಂಜಿನ್ನಿನ ತಪ್ಪಿಗೆ ಗೇರ್ ಬಾಕ್ಸ್ ಬಿಚ್ಚುವ ದಂಡ ಇದರಿಂದ ತಪ್ಪಿತು.

ಫಿಲ್ಟರಿನಲ್ಲಿ ಸಿಗುವ ಕಸವೂ ಮಾತನಾಡುತ್ತದೆ. ಅಯಸ್ಕಾಂತಕ್ಕೆ ಅಂಟುವ ಉಕ್ಕಿನ ಚೂರು ಪಂಪ್, ಗೇರ್ ಅಥವಾ ಬೇರಿಂಗಿನ ಸವೆತದ ಗುರುತು. ಕಂಚಿನ ಬಣ್ಣದ ಪುಡಿ ಕ್ಲಚ್ ಪ್ಲೇಟಿನದು. ಅಲ್ಯೂಮಿನಿಯಂ ಆದರೆ ಕನ್ವರ್ಟರ್, ರಬ್ಬರ್ ಆದರೆ ಸೀಲ್ ಅಥವಾ ಹೋಸ್ ಪೈಪ್. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. 1940ರ ದಶಕದಲ್ಲಿ ಅಮೆರಿಕದ ರೈಲ್ವೆ ಕಂಪನಿಗಳು ಎಂಜಿನ್ ಆಯಿಲನ್ನು ಪ್ರಯೋಗಾಲಯದಲ್ಲಿ ಉರಿಸಿ, ಆ ಬೆಳಕಿನಿಂದ ಅದರೊಳಗಿನ ಲೋಹಗಳನ್ನು ಅಳೆಯಲು ತೊಡಗಿದ್ದವು. ಮುಂದೆ ಗಣಿಗಳೂ ಈ ಕ್ರಮವನ್ನು ಅನುಸರಿಸಿದವು. ಆಯಿಲಿನಲ್ಲಿ ಸಿಲಿಕಾನ್ ಏರಿದರೆ ಹೊರಗಿನ ದೂಳು ಒಳಹೊಕ್ಕಿದೆ ಎಂದು ತಿಳಿಯಬಹುದು. ಗಾಡಿ ನಿಲ್ಲುವ ಮೊದಲೇ ಕಾಯಿಲೆ ಗೊತ್ತಾಗುವಂತಾದದ್ದು ಹೀಗೆ.

ಗೇರ್ ಬಿಟ್ಟವರು, ಗೇರ್ ಹಿಡಿದವರು

ಗೇರ್ ಬಾಕ್ಸಿನ ತಂಟೆಯೇ ಬೇಡವೆಂದು ಬೇರೆ ದಾರಿ ಹಿಡಿದವರೂ ಇದ್ದರು. ಅಮೆರಿಕದ ಯೂನಿಟ್ ರಿಗ್ ಕಂಪನಿ 1963ರಲ್ಲಿ 85 ಟನ್ನಿನ ‘ಲೆಕ್ಟ್ರಾ ಹಾಲ್’ ಡಂಪರ್ ತಂದಿತು. ಅದರಲ್ಲಿ ಡೀಸೆಲ್ ಎಂಜಿನ್ ಜನರೇಟರನ್ನು ತಿರುಗಿಸಿದರೆ, ಆ ವಿದ್ಯುತ್ತಿನಿಂದ ಹಿಂದಿನ ಚಕ್ರಗಳ ಮೋಟಾರ್‌ಗಳು ಓಡುತ್ತಿದ್ದವು. ಕ್ಲಚ್ ಹೋಯಿತು. ಅದರ ಜಾಗದಲ್ಲಿ ಮೋಟಾರಿನ ಕಾರ್ಬನ್ ಬ್ರಷ್ ಸವೆತ, ಬಿಸಿ, ದೂಳಿನ ಕಾಟ ಬಂದವು. ಕ್ಯಾಟರ್‌ಪಿಲ್ಲರ್ ಕಂಪನಿ 1960ರ ದಶಕದಲ್ಲಿ ವಿದ್ಯುತ್ ಡಂಪರ್ ಮಾಡಿ ನೋಡಿ ಕೈಬಿಟ್ಟಿತು. ಗೇರಿಗೇ ಮರಳಿದ ಅದು 1998ರಲ್ಲಿ ಮುನ್ನೂರು ಟನ್‌ಗೂ ಮಿಕ್ಕಿ ಹೊರುವ 797 ಮಾದರಿಯನ್ನು ಗೇರ್ ಬಾಕ್ಸಿನಿಂದಲೇ ಓಡಿಸಿತು. ಎರಡೂ ಪಂಥಗಳು ಇಂದಿಗೂ ಉಳಿದಿವೆ.

ಕರ್ನಾಟಕದ ನಂಟು

ಭಾರತದಲ್ಲಿ ಈ ಕಥೆಯ ಮುಖ್ಯ ಅಧ್ಯಾಯ ಕರ್ನಾಟಕದ್ದು. ಸಾರ್ವಜನಿಕ ವಲಯದ ಭಾರತ್ ಅರ್ಥ್ ಮೂವರ್ಸ್ (ಬೆಮೆಲ್) 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಕೆಜಿಎಫ್ ಘಟಕದಲ್ಲಿ ಮಣ್ಣು ಅಗೆಯುವ ಯಂತ್ರಗಳು ತಯಾರಾದವು. 1984ರಲ್ಲಿ ಆರಂಭವಾದ ಮೈಸೂರು ಘಟಕ ಡಂಪರ್ ಹಾಗೂ ಎಂಜಿನ್‌ಗಳಿಗೆ ಹೆಸರಾಯಿತು. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಯಂತ್ರದ ಕಾರ್ಖಾನೆ ಉಳಿಯಿತು.

ರಾಜ್ಯದ ಗಣಿಗಳೇ ಎರಡು ಬಗೆಯ ಪರೀಕ್ಷೆ ಒಡ್ಡುತ್ತಿದ್ದವು. 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖದಲ್ಲಿ ಮಲೆನಾಡಿನ ಮಳೆ. ಸಂಡೂರು ಸೀಮೆಯ ದೋಣಿಮಲೆಯಲ್ಲಿ ಕೆಂಪು ದೂಳು. ಆಯಿಲಿಗೆ ನೀರೂ ವೈರಿ, ದೂಳೂ ವೈರಿ. ಒಂದೇ ಕೈಪಿಡಿ ಓದಿದ ಫಿಟ್ಟರ್ ಕೂಡ ಊರಿಗೆ ತಕ್ಕಂತೆ ಕಣ್ಣಿಡಬೇಕಾದ ಜಾಗ ಬೇರೆ.

ಪರದೆಯ ಮೇಲಿನ ಅಂಕಿ

1980ರ ದಶಕದಿಂದ ಗೇರ್ ಬದಲಿಸುವ ಹೊಣೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೆ ಬಂತು. ಇಂದಿನ ಡಂಪರ್ ತನ್ನ ದೋಷವನ್ನು ತಾನೇ ಅಂಕಿಯ ರೂಪದಲ್ಲಿ ಪರದೆಯ ಮೇಲೆ ತೋರಿಸುತ್ತದೆ. ಆದರೆ ವೇಗ ಅಳೆಯುವ ಸೆನ್ಸರ್ ಕೆಟ್ಟಿದೆ ಎಂದು ಪರದೆ ಹೇಳಿದಾಗ, ಸೆನ್ಸರ್ ಸರಿಯಿದ್ದು ಅದರ ತಂತಿ ಚಾಸಿಗೆ ಉಜ್ಜಿ ಸವೆದಿರಬಹುದು.

ಗೇರ್ ಬಾಕ್ಸ್ ಪೂರ್ತಿ ಬದಲಿಸಿದಾಗಲೂ ಅಪಾಯ ತಪ್ಪಿದ್ದಲ್ಲ. ಹಳೆಯದರ ಲೋಹದ ಚೂರುಗಳು ಕೂಲರ್ ಮತ್ತು ಪೈಪುಗಳಲ್ಲಿ ಉಳಿದಿರುತ್ತವೆ. ಅವನ್ನು ತೊಳೆಯದೆ ಹೊಸದನ್ನು ಕೂರಿಸಿದರೆ ಆ ಚೂರುಗಳೇ ಅದನ್ನೂ ತಿನ್ನುತ್ತವೆ. ಅದಕ್ಕೇ ಕಂಪ್ಯೂಟರ್ ಬಂದ ಮೇಲೂ ಅನುಭವಿ ಮೆಕ್ಯಾನಿಕ್‌ನ ಮೊದಲ ಕೆಲಸ ಬದಲಾಗಿಲ್ಲ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಅವನು ಮೊದಲು ನೋಡುವುದು ಆಯಿಲಿನ ಮಟ್ಟ, ಅದರ ಬಣ್ಣ ಮತ್ತು ವಾಸನೆ. ಸ್ಪ್ಯಾನರ್ ಕೈಗೆ ಬರುವುದು ಆಮೇಲೆ.