ತಿಪ್ಪೆ ಸೇರಿದ ಔಷಧಿಯ ಕಥೆ

ಬಾಲ್ಕನಿಯ ಗುಲಾಬಿಗೆಂದು ನೀವು ತಂದ ಕೋಳಿಗೊಬ್ಬರದಲ್ಲಿ ಟೆಟ್ರಾಸೈಕ್ಲಿನ್ ಇದ್ದೀತು ಎಂದರೆ ನಂಬುವಿರಾ? ಔಷಧಿ ತಿಪ್ಪೆ ಸೇರಿದ ಈ ಕಥೆ ಶುರುವಾಗುವುದೂ ಒಂದು ಕಾರ್ಖಾನೆಯ ಕಸದಿಂದಲೇ.

ನ್ಯೂಯಾರ್ಕ್ ಬಳಿಯ ಪರ್ಲ್ ರಿವರ್‌ನಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿ ಇತ್ತು. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಭೀಮಾವರಂನಲ್ಲಿ ಹುಟ್ಟಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬರಾವ್. (ಚೆನ್ನೈ, ಹೈದರಾಬಾದಿನ ಕೇಳುಗರೇ, ಗಮನಿಸಿ!) ಅವರ ತಂಡದ ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದ ಆರಿಯೋಮೈಸಿನ್ 1948ರಲ್ಲಿ ಲೋಕಕ್ಕೆ ಪರಿಚಯವಾಯಿತು. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಮುಂದಿನದನ್ನು ಅವರು ನೋಡಲಿಲ್ಲ.

ಔಷಧಿ ತೆಗೆದ ಮೇಲೆ ತೊಟ್ಟಿಯ ತಳದಲ್ಲಿ ಚರಟ ಉಳಿಯುತ್ತಿತ್ತು. ಅದರಲ್ಲಿ ಬಿ12 ಜೀವಸತ್ವ ಸಿಕ್ಕೀತೆಂದು ಥಾಮಸ್ ಜೂಕ್ಸ್ ಕೋಳಿಮರಿಗಳಿಗೆ ತಿನ್ನಿಸಿದರು. 1948ರ ಕ್ರಿಸ್‌ಮಸ್ ದಿನ ತೂಗಿ ನೋಡಿದರೆ, ಚರಟ ತಿಂದ ಮರಿಗಳೇ ಎಲ್ಲಕ್ಕಿಂತ ಭಾರ! ಕಾರಣ ಬಿ12 ಮಾತ್ರವಲ್ಲ, ಚರಟದಲ್ಲಿ ಉಳಿದಿದ್ದ ಆರಿಯೋಮೈಸಿನ್. 1950ರಲ್ಲಿ ಸುದ್ದಿ ಪತ್ರಿಕೆಗಳಿಗೆ ಬಂತು. ಎಸೆಯಬೇಕಿದ್ದ ಕಸಕ್ಕೆ ಬೆಲೆ ಬಂತು. ಕಾಯಿಲೆಯೇ ಇಲ್ಲದ ಕೋಳಿ, ಹಂದಿ, ಕರುಗಳಿಗೆ ದಿನವೂ ಚಿಟಿಕೆ ಔಷಧಿ ಹಾಕುವ ರೂಢಿ ಬೆಳೆಯಿತು.

ತಿಂದದ್ದು ಎಲ್ಲಿ ಹೋಯಿತು? ಟೆಟ್ರಾಸೈಕ್ಲಿನ್‌ನ ದೊಡ್ಡ ಪಾಲು ಕರಗದೆ ಹಿಕ್ಕೆ, ಮೂತ್ರದಲ್ಲಿ ಹೊರಬರುತ್ತದೆ. ಗೊಬ್ಬರವಾಗಿ ಹೊಲ ಸೇರಿ ಜೇಡಿಮಣ್ಣಿಗೆ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಸಾಯುವಷ್ಟು ಅದು ಇರುವುದಿಲ್ಲ, ಪಳಗುವಷ್ಟು ಇರುತ್ತದೆ. ಪಳಗಿದವು ಆ ವಿದ್ಯೆಯನ್ನು ನೆರೆಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ, ಗುರುದಕ್ಷಿಣೆಯಿಲ್ಲದೆ.

1976ರಲ್ಲಿ ಸ್ಟುವರ್ಟ್ ಲೆವಿ ಇದನ್ನು ಮನೆಬಾಗಿಲಿಗೇ ತಂದು ತೋರಿಸಿದರು. ಮ್ಯಾಸಚೂಸೆಟ್ಸ್‌ನ ಒಂದು ಫಾರಂನಲ್ಲಿ ಕೆಲವು ಕೋಳಿಗಳ ಮೇವಿಗೆ ಔಷಧಿ ಬೆರೆಸಿದರು. ಒಂದೆರಡು ವಾರದಲ್ಲೇ ಅವುಗಳ ಕರುಳಿನ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಾಯಿತು. ಕೆಲ ತಿಂಗಳಲ್ಲಿ ಆ ಮನೆಯವರ ಹೊಟ್ಟೆಯಲ್ಲೂ ಅಂಥವೇ ಹೆಚ್ಚಿದವು. ಔಷಧಿ ತಿಂದದ್ದು ಕೋಳಿ, ಅವರಲ್ಲ!

ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಎಚ್ಚರಿಸಿತ್ತು. ಸ್ವೀಡನ್ 1986ರಲ್ಲಿ, ಐರೋಪ್ಯ ಒಕ್ಕೂಟ 2006ರಲ್ಲಿ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಕೊಡುವುದನ್ನು ನಿಲ್ಲಿಸಿದವು. ಬಹಳ ತಡ ಎಂದೇ ನನ್ನ ಅನಿಸಿಕೆ.

ನಮ್ಮಲ್ಲಿ? ಐಸಿಯುನಲ್ಲಿ ಬೇರೆ ಔಷಧಿಗಳೆಲ್ಲ ಸೋತಾಗ ವೈದ್ಯರು ಕೈಗೆತ್ತಿಕೊಳ್ಳುವುದು ಕೊಲಿಸ್ಟಿನ್. ಅದಕ್ಕೂ ಬಗ್ಗದ ಗುಣವನ್ನು ದಾಟಿಸುವ ಜೀನ್ 2015ರಲ್ಲಿ ಚೀನಾದ ಹಂದಿಗಳಲ್ಲಿ ಪತ್ತೆಯಾಗಿತ್ತು. ಭಾರತ ಕೋಳಿ ಮತ್ತು ಜಾನುವಾರುಗಳಿಗೆ ಕೊಲಿಸ್ಟಿನ್ ನಿಷೇಧಿಸಿದ್ದು 2019ರ ಜುಲೈನಲ್ಲಿ.