ಎಂಕೆ76: ಅಲೆಯೇರಿದ ಅಕ್ಷರ

ಹವ್ಯಾಸಿ ರೇಡಿಯೊದವರ ಭೂಪಟದಲ್ಲಿ ವಿಜಯಪುರದ ಪಕ್ಕದ ತೊರವಿಯ ವಿಳಾಸ ಎಂಕೆ76. ಇಡೀ ಭೂಮಿಯನ್ನು 32,400 ಚೌಕಗಳಾಗಿ ಹಂಚಿ, ಪ್ರತಿಯೊಂದಕ್ಕೂ ಎರಡು ರೋಮನ್ ಅಕ್ಷರ, ಎರಡು ಅಂಕಿಗಳ ಹೆಸರು ಕೊಡುವ ಈ ಪದ್ಧತಿ 1980ರಲ್ಲಿ ಇಂಗ್ಲೆಂಡಿನ ಮೇಡನ್‌ಹೆಡ್ ಊರಿನಲ್ಲಿ ನಡೆದ ಸಭೆಯೊಂದರಲ್ಲಿ ಒಪ್ಪಿಗೆ ಪಡೆಯಿತು. ಪೂರ್ವ ರೇಖಾಂಶ 74ರಿಂದ 76, ಉತ್ತರ ಅಕ್ಷಾಂಶ 16ರಿಂದ 17ರವರೆಗಿನ ನೆಲವೆಲ್ಲ ಎಂಕೆ76. ಅಗಲ ಸುಮಾರು 213 ಕಿ.ಮೀ., ಎತ್ತರ ಸುಮಾರು 111 ಕಿ.ಮೀ. ವಿಜಯಪುರ, ತಿಕೋಟಾ, ಬಬಲೇಶ್ವರ, ಜಮಖಂಡಿ, ಬಾಗಲಕೋಟೆ, ಅಥಣಿ, ಗೋಕಾಕ ಇದರೊಳಗೆ ಬರುತ್ತವೆ. ಗಡಿಯಾಚೆಯ ಸಾಂಗ್ಲಿ, ಮಿರಜ, ಕೊಲ್ಹಾಪುರಗಳೂ ಇದೇ ಚೌಕದವು. ಇಂಡಿ ಮಾತ್ರ ಎಂಕೆ77ಕ್ಕೂ ಮುದ್ದೇಬಿಹಾಳ, ಸಿಂದಗಿಗಳು ಎಂಕೆ86ಕ್ಕೂ ಸೇರುತ್ತವೆ. ಜಿಲ್ಲೆ, ರಾಜ್ಯಗಳ ಗೆರೆಯನ್ನು ರೇಡಿಯೊ ಅಲೆ ಲೆಕ್ಕಕ್ಕಿಡುವುದಿಲ್ಲ.

ತೊರವಿ ಕನ್ನಡದ ಬರವಣಿಗೆಗೆ ಹಳೆಯ ನಂಟಿರುವ ಊರು. ಇಲ್ಲಿಯ ನರಸಿಂಹನ ಸನ್ನಿಧಿಯ ಹೆಸರಿನಲ್ಲೇ ಕುಮಾರವಾಲ್ಮೀಕಿಯ ಭಾಮಿನಿ ಷಟ್ಪದಿಯ ರಾಮಾಯಣ ‘ತೊರವೆ ರಾಮಾಯಣ’ ಎನಿಸಿಕೊಂಡಿದೆ. ಓಲೆಗರಿಯ ಮೇಲೆ ಷಟ್ಪದಿಯಾಗಿ ನಿಂತ ಕನ್ನಡದ ಅಕ್ಷರ ರೇಡಿಯೊ ಅಲೆಯ ಮೇಲೆ ಅಕ್ಷರವಾಗಿಯೇ ಸಾಗಲು ಬಹಳ ಕಾಲ ಹಿಡಿಯಿತು. ದನಿಗೆ ಆ ತೊಡಕಿರಲಿಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ 30 ವ್ಯಾಟ್‌ನ ಪುಟ್ಟ ಪ್ರೇಷಕದಿಂದ ‘ಆಕಾಶವಾಣಿ’ಯನ್ನು ಆರಂಭಿಸಿದಾಗಲೇ ಕನ್ನಡದ ಮಾತು ಅಲೆಯೇರಿತ್ತು. ಬರಹದ ಕತೆ ಬೇರೆ. ಅದು ಶುರುವಾಗುವುದು ತಂತಿಯಿಂದ.

ಹೊಟಗಿಯಿಂದ ಗದಗಿಗೆ ಹೋಗುವ ರೈಲುಹಳಿ 1884ರಲ್ಲಿ ವಿಜಯಪುರವನ್ನು ಹಾಯಿತು. ಹಳಿಯ ಜೊತೆಗೆ ತಂತಿಕಂಬಗಳೂ ಬಂದವು. ಈ ಸೀಮೆಯಲ್ಲಿ ‘ತಾರು ಬಂತು’ ಎಂದರೆ ಓದುವ ಮೊದಲೇ ಮನೆಮಂದಿಯ ಎದೆ ಝಲ್ಲೆನ್ನುತ್ತಿತ್ತು. ಆ ತಾರಿನ ಹಿಂದಿದ್ದದ್ದು ಮೋರ್ಸ್ ಸಂಕೇತ: ಗಿಡ್ಡ ಮಿಡಿತ, ಉದ್ದ ಮಿಡಿತ, ನಡುವೆ ಮೌನ. ಭಾರತದ ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಹವ್ಯಾಸಿ ರೇಡಿಯೊದಲ್ಲಿ ಮೋರ್ಸ್ ಇಂದಿಗೂ ಜೀವಂತವಾಗಿದೆ, ಮತ್ತು ಅಕ್ಷರವನ್ನು ಎಣಿಕೆಗೆ ತಿರುಗಿಸಿ ಕಳಿಸುವ ಎಲ್ಲ ವಿಧಾನಗಳಿಗೂ ಅದೇ ಮೂಲ.

ಭಾರತದ ಮೊದಲ ಹವ್ಯಾಸಿ ಠಾಣೆ 1921ರಲ್ಲಿ ಕಲ್ಕತ್ತೆಯಲ್ಲಿ ಅಮರೇಂದ್ರ ಚಂದ್ರ ಗುಪ್ತು ನಡೆಸಿದ್ದು. 1929ರಿಂದ ದೇಶದ ಹವ್ಯಾಸಿಗಳ, ಅಂದರೆ ಹ್ಯಾಮ್‌ಗಳ, ಕರೆಸಂಕೇತ ‘ವಿಯು’ ಎಂದು ಆರಂಭವಾಗತೊಡಗಿತು. ಎರಡನೆಯ ಮಹಾಯುದ್ಧ ಶುರುವಾದಾಗ ಪ್ರೇಷಕಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು. ಹವ್ಯಾಸಕ್ಕೆ ಮರುಜೀವ ಬಂದದ್ದು ಯುದ್ಧ ಮುಗಿದ ಮೇಲೆ. 1978ರ ನಿಯಮಗಳ ಪ್ರಕಾರ ಎರಡನೆಯ ದರ್ಜೆಯ ಪರವಾನಗಿಗೆ ನಿಮಿಷಕ್ಕೆ 5 ಪದ, ಮೊದಲ ದರ್ಜೆಗೆ 12 ಪದಗಳ ವೇಗದಲ್ಲಿ ಮೋರ್ಸ್ ಕಳಿಸಿ, ಕೇಳಿ ಬರೆದುಕೊಳ್ಳಬೇಕಿತ್ತು. ಕರ್ನಾಟಕದ ಹ್ಯಾಮ್‌ಗಳೂ ಇದೇ ಬಾಗಿಲಿನಿಂದ ಒಳಗೆ ಬಂದವರು.

ಮೋರ್ಸ್‌ನಲ್ಲಿ ಕನ್ನಡ ಮಾತಾಡಬೇಕಾದರೆ ರೋಮನ್ ಲಿಪಿಯಲ್ಲೇ ಆಗಬೇಕು. ‘ನಮಸ್ಕಾರ’ದಂಥ ಮಾತು ಅದರಲ್ಲೂ ನಿಲ್ಲುತ್ತದೆ. ಆದರೆ ರೋಮನ್‌ಗೆ ಇಳಿಸಿದರೆ ಹಳ್ಳಿಯೂ ಹಲ್ಲಿಯೂ ಒಂದೇ. ಮಳೆಯೂ ಮಲೆಯೂ ಒಂದೇ. ಡೋಣಿ ಹೊಳೆ ಉಕ್ಕಿದ ದಿನ ಯಾವ ಊರಿನಲ್ಲಿ ಎಷ್ಟು ಮಂದಿ ಸಿಕ್ಕಿಕೊಂಡಿದ್ದಾರೆ ಎಂಬ ಸುದ್ದಿ ಹೋಗಬೇಕಾದಾಗ ಇದು ಪಂಡಿತರ ಚರ್ಚೆಯಾಗಿ ಉಳಿಯುವುದಿಲ್ಲ. ಊರ ಹೆಸರು ತಪ್ಪಿದರೆ ದೋಣಿ ತಪ್ಪು ದಾರಿ ಹಿಡಿಯುತ್ತದೆ.

ಮೋರ್ಸ್ ಮನುಷ್ಯನ ಕಿವಿಗೆ ಮಾಡಿದ್ದು. ಯಂತ್ರಕ್ಕೆ ಎಲ್ಲ ಅಕ್ಷರವೂ ಒಂದೇ ಅಳತೆಯದಾಗಿರಬೇಕು. ಫ್ರಾನ್ಸಿನ ಎಮಿಲ್ ಬೋದೊ 1870ರ ದಶಕದಲ್ಲಿ ಒಂದೊಂದು ಅಕ್ಷರಕ್ಕೂ ಐದೈದು ಮಿಡಿತಗಳ ಸಂಕೇತವನ್ನು ರೂಪಿಸಿದರು. ಡೊನಾಲ್ಡ್ ಮರ್ರೆ ಅದನ್ನು ತಿದ್ದಿ ಟೆಲಿಪ್ರಿಂಟರಿಗೆ ಹೊಂದಿಸಿದರು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಹ್ಯಾಮ್‌ಗಳು ಕಚೇರಿಗಳು ಬಿಸಾಡಿದ ಭಾರಿ ಟೆಲಿಪ್ರಿಂಟರುಗಳನ್ನು ತಂದು ರೇಡಿಯೊಗೆ ಜೋಡಿಸಿದರು. 1953ರಲ್ಲಿ ಅಲ್ಲಿಯ ಸರ್ಕಾರ ಹ್ರಸ್ವತರಂಗದಲ್ಲೂ ಇದಕ್ಕೆ ಅನುಮತಿ ಕೊಟ್ಟಿತು. ಇದೇ ರೇಡಿಯೊ ಟೆಲಿಟೈಪ್, ಹ್ಯಾಮ್‌ಗಳ ಬಾಯಲ್ಲಿ ‘ರಿಟ್ಟಿ’. ಎರಡು ಶ್ರುತಿಗಳು, ಅವುಗಳ ನಡುವೆ 170 ಹರ್ಟ್ಸ್ ಅಂತರ. ಒಂದು ಶ್ರುತಿ ‘ಉಂಟು’, ಇನ್ನೊಂದು ‘ಇಲ್ಲ’. ಕೇಳಿದರೆ ಹಕ್ಕಿಯೊಂದು ಬಿಡುವಿಲ್ಲದೆ ಚಿಲಿಪಿಲಿಗುಟ್ಟಿದಂತೆ ಇರುತ್ತದೆ.

ಐದು ಮಿಡಿತಗಳಿಂದ ಆಗುವ ಜೋಡಣೆಗಳು 32. ಇಂಗ್ಲಿಷಿನ 26 ಅಕ್ಷರ, ಪದಗಳ ನಡುವಿನ ಖಾಲಿ ಜಾಗ, ಸಾಲು ಬದಲಿಸುವ ಎರಡು ಆಜ್ಞೆ, ಅಕ್ಷರದಿಂದ ಅಂಕಿಗೂ ಅಂಕಿಯಿಂದ ಅಕ್ಷರಕ್ಕೂ ಹೊರಳುವ ಎರಡು ಕೀಲಿ, ಒಂದು ಬರಿದು. ಅಲ್ಲಿಗೆ 32 ಭರ್ತಿ. ಚಿಕ್ಕಕ್ಷರಕ್ಕೂ ಅಲ್ಲಿ ಎಡೆಯಿಲ್ಲ. ಕನ್ನಡದ ವರ್ಣಮಾಲೆಯೇ 49. ಗುಣಿತಾಕ್ಷರ, ಒತ್ತಕ್ಷರಗಳು ಅದರ ಮೇಲೆ. ಕನ್ನಡಕ್ಕೆ ಆ ಮನೆಯಲ್ಲಿ ಕಾಲಿಡಲೂ ಜಾಗವಿರಲಿಲ್ಲ.

ಇದಕ್ಕೆ ಬೇರೊಂದು ದಿಕ್ಕಿನಿಂದ ಉತ್ತರ ಕಂಡುಕೊಂಡವರು ಜರ್ಮನಿಯ ರುಡಾಲ್ಫ್ ಹೆಲ್. 1929ರ ಅವರ ಯಂತ್ರ ಹೆಲ್‌ಶ್ರೈಬರ್ ಅಕ್ಷರದ ಸಂಕೇತವನ್ನು ಕಳಿಸುವುದಿಲ್ಲ, ಅದರ ಆಕಾರವನ್ನೇ ಕಳಿಸುತ್ತದೆ. ಅಕ್ಷರವನ್ನು ಏಳು ಕಂಬಸಾಲುಗಳ ಚುಕ್ಕಿಗಳಾಗಿ ಬಿಡಿಸಿ, ರಂಗೋಲಿಗೆ ಚುಕ್ಕಿ ಇಟ್ಟಂತೆ ಸಾಲಿಂದ ಸಾಲಿಗೆ ಕಳಿಸುತ್ತದೆ; ಸೆಕೆಂಡಿಗೆ ಎರಡೂವರೆ ಅಕ್ಷರ. ಆಚೆಯ ಯಂತ್ರ ಅದೇ ಚುಕ್ಕಿಗಳನ್ನು ಕಾಗದದ ಪಟ್ಟಿಯ ಮೇಲೆ ಎರಡು ಸಾಲಾಗಿ, ಒಂದರ ಕೆಳಗೊಂದು ಮೂಡಿಸುತ್ತದೆ. ಎರಡು ಯಂತ್ರಗಳ ಓಟ ತುಸು ಹೆಚ್ಚುಕಡಿಮೆಯಾದರೆ ಬರಹ ವಾರೆಯಾಗುತ್ತದೆ, ಓದಲು ಅಡ್ಡಿಯಿಲ್ಲ. ಸಿಡಿಲಿನ ಗದ್ದಲ ಬಂದರೆ ಕಾಗದದಲ್ಲಿ ಕಪ್ಪು ಮಸಿ ಸಿಡಿಯುತ್ತದೆ. ಅದರ ನಡುವಿಂದಲೂ ಕಣ್ಣು ಅಕ್ಷರವನ್ನು ಹೆಕ್ಕಿಕೊಳ್ಳುತ್ತದೆ. ಸುದ್ದಿಸಂಸ್ಥೆಗಳೂ ಜರ್ಮನ್ ಸೈನ್ಯವೂ ಬಳಸಿದ ಈ ವಿಧಾನವನ್ನು ಹವ್ಯಾಸಿಗಳು ಇಂದಿಗೂ ಉಳಿಸಿಕೊಂಡಿದ್ದಾರೆ. ಆಕಾರವೇ ಸಾಗುವುದರಿಂದ ಇದರಲ್ಲಿ ಯಾವ ಲಿಪಿಯಾದರೂ ಸರಿ. ಆದರೆ ಅಷ್ಟು ಕಡಿಮೆ ಎತ್ತರದಲ್ಲಿ ಕನ್ನಡದ ತಲೆಕಟ್ಟು, ಒಡಲು, ಒತ್ತು ಮೂರನ್ನೂ ಕೂರಿಸುವುದು ಕಷ್ಟ. ‘ತೊರವಿ’ ದಕ್ಕೀತು, ‘ಬಬಲೇಶ್ವರ’ದ ಶ್ವ ಇಕ್ಕಟ್ಟಿಗೆ ಸಿಲುಕುತ್ತದೆ. ಹೀಗಿದ್ದರೂ ಎಲ್ಲ ಲಿಪಿಗಳನ್ನೂ ಸಮನಾಗಿ ಕಂಡ ವಿಧಾನ ಎಂಬ ಗೌರವ ಹೆಲ್ ಯಂತ್ರಕ್ಕೆ ಸಲ್ಲಬೇಕು.

ರಿಟ್ಟಿಯ ದೊಡ್ಡ ಕೊರತೆ ಲಿಪಿಯದಲ್ಲ, ತಪ್ಪಿನದು. ಒಂದು ಮಿಡಿತ ಕೆಟ್ಟರೆ ಅಕ್ಷರವೇ ಬದಲಾಗುತ್ತದೆ, ಯಂತ್ರಕ್ಕೆ ಅದು ಗೊತ್ತೂ ಆಗುವುದಿಲ್ಲ. ಇಂಗ್ಲೆಂಡಿನ ಹ್ಯಾಮ್ ಪೀಟರ್ ಮಾರ್ಟಿನೆಜ್ 1970ರ ದಶಕದ ಕೊನೆಯಲ್ಲಿ ಹಡಗುಗಳ ಪದ್ಧತಿಯೊಂದನ್ನು ಆಧರಿಸಿ ಆಮ್ಟರ್ ಎಂಬ ವಿಧಾನ ತಂದರು. ಅದರಲ್ಲಿ ಅಕ್ಷರಕ್ಕೆ ಏಳು ಮಿಡಿತ. ನಾಲ್ಕು ಒಂದು ಬಗೆಯವು, ಮೂರು ಇನ್ನೊಂದು ಬಗೆಯವು. ಈ ಲೆಕ್ಕ ತಪ್ಪಿದರೆ ಏನೋ ಕೆಟ್ಟಿದೆ ಎಂದು ಯಂತ್ರಕ್ಕೆ ತಿಳಿಯುತ್ತದೆ. ಮೂರು ಅಕ್ಷರ ಕಳಿಸಿ ನಿಲ್ಲುವುದು, ‘ಬಂತು’ ಎಂಬ ಉತ್ತರಕ್ಕೆ ಕಾಯುವುದು, ಬರದಿದ್ದರೆ ಅದನ್ನೇ ಮತ್ತೆ ಕಳಿಸುವುದು. ಅದೇ ಹೊತ್ತಿಗೆ, 1978ರಲ್ಲಿ, ಕೆನಡಾದ ಮಾಂಟ್ರಿಯಲ್‌ನ ಹವ್ಯಾಸಿಗಳು ಪ್ಯಾಕೆಟ್ ರೇಡಿಯೊ ಆರಂಭಿಸಿದರು. ಸಂದೇಶವನ್ನು ತುಂಡುಗಳಾಗಿಸಿ, ಒಂದೊಂದಕ್ಕೂ ವಿಳಾಸ ಅಂಟಿಸಿ, ತಾಳೆ ನೋಡುವ ಮೊತ್ತ ಸೇರಿಸಿ ಕಳಿಸುವ ಪದ್ಧತಿ ಇದು. ಇದರ ಮೇಲೆಯೇ ಬಾಬ್ ಬ್ರೂನಿಂಗಾ ಎಪಿಆರ್‌ಎಸ್ ಕಟ್ಟಿದರು. ಠಾಣೆ ಎಲ್ಲಿದೆ, ಏನು ಹೇಳುತ್ತಿದೆ ಎಂಬುದನ್ನು ಅದು ನಕಾಶೆಯ ಮೇಲೆ ತೋರಿಸುತ್ತದೆ.

ದೊಡ್ಡ ತಿರುವು ಬಂದದ್ದು 1998ರ ಡಿಸೆಂಬರಿನಲ್ಲಿ. ಅದೇ ಮಾರ್ಟಿನೆಜ್ ಪಿಎಸ್‌ಕೆ31 ಎಂಬ ವಿಧಾನವನ್ನು ಎಲ್ಲರ ಕೈಗಿಟ್ಟರು. ಬೇರೆ ಯಂತ್ರವೇನೂ ಬೇಡ. ಮನೆಯ ಕಂಪ್ಯೂಟರಿನ ಸೌಂಡ್ ಕಾರ್ಡನ್ನು ರೇಡಿಯೊಗೆ ಜೋಡಿಸಿದರೆ ಸಾಕು. ಒಂದೇ ಶ್ರುತಿ, ಸೆಕೆಂಡಿಗೆ 31.25 ಬಿಟ್, ಸೊನ್ನೆಗೆ ಅಲೆ ತಲೆಕೆಳಗಾಗುತ್ತದೆ, ಒಂದಕ್ಕೆ ಇದ್ದಂತೆ ಇರುತ್ತದೆ. ವೇಗ ಬೆರಳಚ್ಚಿಗೆ ಸರಿಹೊಂದುವಷ್ಟು. ಧ್ವನಿಯ ಒಂದು ಸಂಭಾಷಣೆ ತಿನ್ನುವ ಜಾಗದಲ್ಲಿ ಇಂಥ ಹತ್ತಾರು ಸಂಭಾಷಣೆಗಳು ಒಟ್ಟಿಗೆ ನಡೆಯುತ್ತವೆ. ಇದರ ವೆರಿಕೋಡ್ ಮೋರ್ಸ್‌ನ ಜಾಣತನವನ್ನೇ ಮರಳಿ ತಂದಿತು: ಹೆಚ್ಚು ಬಳಸುವ ಅಕ್ಷರಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ. ಯಾವ ಸಂಕೇತದೊಳಗೂ ಎರಡು ಸೊನ್ನೆ ಒಟ್ಟಿಗೆ ಬರುವುದಿಲ್ಲ. ಎರಡು ಸೊನ್ನೆ ಬಂದವೆಂದರೆ ಅಕ್ಷರ ಮುಗಿಯಿತು.

ಈ ಹೊತ್ತಿಗೆ ಕನ್ನಡವೂ ಕಂಪ್ಯೂಟರಿಗೆ ಬಂದಿತ್ತು. ಬರಹ ತಂತ್ರಾಂಶ ಹೊರಬಂದದ್ದು ಅದೇ 1998ರಲ್ಲಿ. ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಆದರೆ ಅಂದಿನ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂತಿದ್ದವು. ಎರಡೂ ಕಡೆ ಅದೇ ಫಾಂಟ್ ಇಲ್ಲದಿದ್ದರೆ ತೆರೆಯ ಮೇಲೆ ಕಲಸುಮೇಲೋಗರ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿದ್ದ ಯೂನಿಕೋಡ್ ಬಳಕೆಗೆ ಹರಡಿದ ಮೇಲೆ ಈ ಗೊಂದಲ ತೀರಿತು. ಹ್ಯಾಮ್‌ಗಳ ಫ್ಲ್‌ಡಿಜಿಯಂಥ ಉಚಿತ ತಂತ್ರಾಂಶಗಳು ಯೂನಿಕೋಡನ್ನು ಬೈಟ್‌ಗಳಾಗಿಸುವ ಯುಟಿಎಫ್-8ನ್ನು ಒಪ್ಪಿಕೊಂಡಾಗ, ಕನ್ನಡ ಲಿಪಿ ಯಾರ ಮರೆಯೂ ಇಲ್ಲದೆ ಅಲೆಯೇರಬಹುದಾಯಿತು.

ಇದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಊರ ಹೆಸರಿನಲ್ಲೇ ಲೆಕ್ಕ ಹಾಕಬಹುದು. ‘ತೊರವಿ’ಯನ್ನು ರೋಮನ್‌ನ ಆರು ಅಕ್ಷರಗಳಲ್ಲಿ (Toravi) ಬರೆದರೆ ವೆರಿಕೋಡ್‌ನಲ್ಲಿ ನಡುವಿನ ಸೊನ್ನೆಗಳೂ ಸೇರಿ 42 ಬಿಟ್; ಸುಮಾರು 1.3 ಸೆಕೆಂಡಿನಲ್ಲಿ ಹೋಗುತ್ತದೆ. ಕನ್ನಡದಲ್ಲಿ ತ, ಒ-ಸ್ವರಚಿಹ್ನೆ, ರ, ವ, ಇ-ಸ್ವರಚಿಹ್ನೆ ಎಂದು ಐದು ಸಂಕೇತ. ಒಂದೊಂದಕ್ಕೆ ಮೂರು ಬೈಟ್, ಒಟ್ಟು 15 ಬೈಟ್. ವೆರಿಕೋಡ್‌ನಲ್ಲಿ ಅವೆಲ್ಲ ಉದ್ದನೆಯ ಸಂಕೇತಗಳ ಗುಂಪಿಗೆ ಸೇರಿದವು. ಹಾಗಾಗಿ ಅದೇ ಹೆಸರು ಕನ್ನಡದಲ್ಲಿ ಹೋಗಲು ಹೆಚ್ಚುಕಡಿಮೆ 6 ಸೆಕೆಂಡು. ನಾಲ್ಕೈದು ಪಟ್ಟು ನಿಧಾನ. ಒಂದು ಬೈಟ್ ಕೆಟ್ಟರೂ ಇಡೀ ಅಕ್ಷರ ಹೋಯಿತು. ಆದರೂ ಹಳ್ಳಿ ಹಳ್ಳಿಯಾಗಿ, ಹಲ್ಲಿ ಹಲ್ಲಿಯಾಗಿ ತಲುಪುವುದಾದರೆ ಈ ಬೆಲೆ ದುಬಾರಿಯಲ್ಲ.

ಬಯಲುಸೀಮೆಯ ಬೇಸಿಗೆಯ ಸಂಜೆಗಳಲ್ಲಿ ಗುಡುಗು-ಮಿಂಚಿನ ಸದ್ದು ಹ್ರಸ್ವತರಂಗವನ್ನೆಲ್ಲ ತುಂಬುತ್ತದೆ. ಆಗ ಪಿಎಸ್‌ಕೆ31ರ ತೆಳು ಗೆರೆ ಹರಿದುಹೋಗುತ್ತದೆ. ಅಂಥ ಹೊತ್ತಿಗೆ ಪಾವೆಲ್ ಯಾವೋಹಾ ರೂಪಿಸಿದ ಒಲಿವಿಯಾ ವಿಧಾನ ಒದಗುತ್ತದೆ. ಅದು ಒಂದೇ ಅಕ್ಷರವನ್ನು ಹಲವು ಶ್ರುತಿಗಳಲ್ಲಿ, ಕಾಲದಲ್ಲೂ ಹರಡಿ ಕಳಿಸುತ್ತದೆ. ಸಿಡಿಲು ಒಂದಷ್ಟನ್ನು ಕಿತ್ತುಕೊಂಡರೂ ಉಳಿದದ್ದರಿಂದ ಅಕ್ಷರವನ್ನು ಮತ್ತೆ ಕಟ್ಟಿಕೊಳ್ಳಬಹುದು. ನಿಧಾನ, ಆದರೆ ನಂಬಿಕಸ್ಥ.

ಇಂದು ಅಲೆಗಳ ಮೇಲೆ ಅತಿ ಹೆಚ್ಚು ಓಡಾಡುತ್ತಿರುವುದು ಎಫ್‌ಟಿ8 ಎಂಬ ವಿಧಾನ. ಭೌತಶಾಸ್ತ್ರದಲ್ಲಿ 1993ರ ನೊಬೆಲ್ ಪಡೆದ ಜೋ ಟೇಲರ್ ಹಾಗೂ ಸ್ಟೀವ್ ಫ್ರಾಂಕೆ 2017ರಲ್ಲಿ ಇದನ್ನು ತಂದರು. ಗಡಿಯಾರ ಸರಿಯಿರಬೇಕು, 15 ಸೆಕೆಂಡಿಗೊಮ್ಮೆ ಸರದಿ, ಅದರಲ್ಲಿ 12.64 ಸೆಕೆಂಡು ಮಾತು. ಎಂಟು ಶ್ರುತಿಗಳು 50 ಹರ್ಟ್ಸ್‌ನೊಳಗೆ ಏರಿಳಿಯುತ್ತವೆ. ಒಂದು ಸಂದೇಶಕ್ಕೆ 77 ಬಿಟ್. ತಪ್ಪು ತಿದ್ದುವ ಬಿಟ್‌ಗಳು ಕೂಡಿ 174. ಕರೆಸಂಕೇತಕ್ಕೆ 28 ಬಿಟ್, ಚೌಕಕ್ಕೆ 15. ಈ 15 ಬಿಟ್‌ಗಳಲ್ಲಿ 32,768 ಸಂಖ್ಯೆಗಳಿವೆ. ಭೂಮಿಯ 32,400 ಚೌಕಗಳು ಅದರಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ಕಿವಿಗೆ ಕೇಳದಷ್ಟು ಕ್ಷೀಣವಾದ ಸಂಕೇತವನ್ನೂ ಗದ್ದಲದಿಂದ ಹೆಕ್ಕುವ ಈ ಕೌಶಲ ಮೆಚ್ಚತಕ್ಕದ್ದೇ. ಆದರೆ ಅದು ಮಾತುಕತೆಯಲ್ಲ, ಕೈಕುಲುಕು. ಮನಸ್ಸಿಗೆ ಬಂದದ್ದನ್ನು ಬರೆಯಲು ಇರುವುದು 13 ಅಕ್ಷರ, ಅದೂ ರೋಮನ್ ಮಾತ್ರ. ಬೋದೊನ ಕಾಲದಲ್ಲಿ ಮುಚ್ಚಿದ್ದ ಬಾಗಿಲು ಕನ್ನಡಕ್ಕೆ ಇಲ್ಲಿ ಮತ್ತೆ ಮುಚ್ಚಿದೆ. ಎಫ್‌ಟಿ8 ದಾರಿ ತೆರೆದಿದೆಯೇ ಎಂದು ನೋಡಲು ಒಳ್ಳೆಯದು. ಕನ್ನಡದಲ್ಲಿ ಹರಟಲು ಪಿಎಸ್‌ಕೆ31, ಒಲಿವಿಯಾಗಳೇ ಬೇಕು.

ಅಲೆಗೆ ಇನ್ನೊಂದು ದಾರಿ ಬಾಹ್ಯಾಕಾಶದ್ದು; ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ತಯಾರಾದ 42.5 ಕಿ.ಗ್ರಾಂ ತೂಕದ, ಹ್ಯಾಮ್‌ಗಳಿಗಾಗಿಯೇ ಇದ್ದ ಹ್ಯಾಮ್‌ಸ್ಯಾಟ್ ಉಪಗ್ರಹ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟಿನಲ್ಲಿ ಶ್ರೀಹರಿಕೋಟಾದಿಂದ ಮೇಲೇರಿತು. ಅದರ ಎರಡು ಮರುಪ್ರಸಾರಕಗಳಲ್ಲಿ ಒಂದು ಭಾರತದ್ದು, ಇನ್ನೊಂದು ನೆದರ್ಲೆಂಡ್ಸ್‌ನ ಹವ್ಯಾಸಿಯೊಬ್ಬರದು. ಬ್ಯಾಟರಿ ಕೈಕೊಟ್ಟು 2014ರ ಜುಲೈನಲ್ಲಿ ಕೆಲಸ ನಿಲ್ಲಿಸುವವರೆಗೆ ಜಗತ್ತಿನ ಹ್ಯಾಮ್‌ಗಳು ಅದನ್ನು ಬಳಸಿದರು. ಇಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಎಪಿಆರ್‌ಎಸ್ ಮರುಪ್ರಸಾರಕ 145.825 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ನಿಲ್ದಾಣ ವಿಜಯಪುರದ ಬಾನಿನಲ್ಲಿ ಹಾದುಹೋಗುವ ಕೆಲವು ನಿಮಿಷಗಳಲ್ಲಿ ತೊರವಿಯ ಬಯಲಿನಿಂದಲೂ ಅದರ ಮೂಲಕ ಒಂದು ಸಾಲು ಕಳಿಸಬಹುದು.

ಪರವಾನಗಿಯ ಬಾಗಿಲೂ ಈಗ ಅಗಲವಾಗಿದೆ. 2003ರ ವಿಶ್ವ ರೇಡಿಯೊ ಸಮ್ಮೇಳನ ಮೋರ್ಸ್ ಪರೀಕ್ಷೆ ಕಡ್ಡಾಯವಲ್ಲ ಎಂದಿತು. ಭಾರತದಲ್ಲಿಯೂ ಈಗ ಸೀಮಿತ ದರ್ಜೆಯ ಪರವಾನಗಿಗೆ ಮೋರ್ಸ್ ಬೇಕಿಲ್ಲ; 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಗುಪ್ತಲಿಪಿಗೆ ಅವಕಾಶವಿಲ್ಲ, ಸಂದೇಶ ಸರಳ ಭಾಷೆಯಲ್ಲಿರಬೇಕು ಎಂಬುದು ನಿಯಮ. ಕನ್ನಡ ಸರಳ ಭಾಷೆಯೇ. ವಿದ್ಯಾಸಂಸ್ಥೆಗಳು ಕ್ಲಬ್ ಠಾಣೆಯ ಪರವಾನಗಿಯನ್ನೂ ಪಡೆಯಬಹುದು. 2003ರಲ್ಲಿ ಸ್ಥಾಪನೆಯಾದ ರಾಜ್ಯದ ಮಹಿಳಾ ವಿಶ್ವವಿದ್ಯಾಲಯದ ಆವರಣ ತೊರವಿಯಲ್ಲೇ ಇದೆ. ಅಲ್ಲಿಯ ವಿದ್ಯಾರ್ಥಿನಿಯರು ಒಂದು ರೇಡಿಯೊ, ಒಂದು ಕಂಪ್ಯೂಟರ್, ಎರಡು ಕಂಬಗಳ ನಡುವೆ ಒಂದು ತಂತಿ ಇಟ್ಟುಕೊಂಡು ಎಂಕೆ76ರಿಂದ ಕನ್ನಡ ಲಿಪಿಯಲ್ಲೇ ಕರೆ ಕೊಡಲಿ.